ಕಸವೆಂದು ಸುಟ್ಟ ಕಾಡೆಳ್ಳು

ರಸ್ತೆಬದಿಗಳ ಸ್ವಚ್ಛತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ಮಳೆಗಾಲದ ಕೊನೆಗೆ ತಾವು ಬೀದರಿನ ನೌಬಾದದಲ್ಲಿ, ನನ್ನ ಮನೆಯ ಗೋಡೆಗೂ ರಸ್ತೆಗೂ ನಡುವೆ ಬೆಳೆದಿದ್ದ ಕಾಡೆಳ್ಳಿಗೆ ಕಳೆನಾಶಕ ಹೊಡೆಸಿ ಸುಟ್ಟುಹಾಕಿದಿರಿ. ಯಾರೋ ದೊಡ್ಡವರ ಕಾರು ಆ ದಾರಿಯಲ್ಲಿ ಹಾಯುವುದಿತ್ತಂತೆ. ಹಾಯಿತು. ಕಾರಿನ ಗಾಜು ಇಳಿಯಲಿಲ್ಲ. ತಮ್ಮ ಸ್ವಚ್ಛತೆಯನ್ನು ಕಣ್ತುಂಬ ನೋಡಿದವನು ಕಟ್ಟೆಯ ಮೇಲೆ ಕುಳಿತಿದ್ದ ನಾನೊಬ್ಬನೇ.

ಕಸಕ್ಕೆ ಇಷ್ಟು ಗೋಳೇ ಎಂದು ತಮಗನ್ನಿಸಬಹುದು. ಆ ಬೀಜ ತಂದವಳು ನನ್ನ ಹೆಂಡತಿ ಕರುಣಾ. ಔರಾದ ತಾಲೂಕಿನ ಠಾಣಾ ಕುಶನೂರ ಅವಳ ತವರು. ನ್ಯಾಯಾಲಯದಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದ ನನಗೆ ಗಿಡಮರಗಳ ಗಂಧವಿರಲಿಲ್ಲ. ಮುಂಗಾರಿನ ಮೊದಲ ಮಳೆಗೆ ಅವಳು ಬೀಜವನ್ನು ಮರಳಿನಲ್ಲಿ ಬೆರೆಸಿ ಆ ಮುರುಮಿನ ಗರಸು ನೆಲಕ್ಕೆ ಚೆಲ್ಲಿ, ಮೇಲೊಂದು ಮುಳ್ಳಿನ ಕೊಂಬೆ ಎಳೆದಳು. ಆಳಕ್ಕೆ ಬಿದ್ದರೆ ಹುಟ್ಟುವುದಿಲ್ಲ, ನೀರು ನಿಂತರೆ ಬದುಕುವುದಿಲ್ಲ ಎಂದಳು. ಇದು ಬೆಳೆಯೋ ಕಸವೋ ಎಂದು ನಾನೂ ಕೇಳಿದ್ದುಂಟು.

"ಬಿತ್ತದಿದ್ರ ಕಸ, ಬಿತ್ತಿದ್ರ ಬೆಳಿ ರೀ," ಎಂದಿದ್ದಳು.

ನೇರಳೆ ಹೂ ಬಿಟ್ಟು, ಕಾಯಿ ಹಳದಿಗೆ ತಿರುಗಿದೊಡನೆ ಕೊಯ್ದು, ಹಳೆಯ ಸೀರೆಯ ಮೇಲೆ ಒಣಗಿಸುತ್ತಿದ್ದಳು. ತಡವಾದರೆ ಕಾಯಿ ಬಿರಿದು ಬೀಜವೆಲ್ಲ ಮಣ್ಣುಪಾಲು. ಹುರಿದು ಕುಟ್ಟಿದರೆ ಸ್ವಲ್ಪ ಕಹಿಯಾದ ಹಿಂಡಿ, ಅಂದರೆ ಚಟ್ನಿಪುಡಿ. ರೊಟ್ಟಿಗೆ ಅದೇ ಸಾಕಾಗುತ್ತಿತ್ತು. ಎಲೆಯನ್ನು ನೀರಿನಲ್ಲಿ ಹಿಸುಕಿದರೆ ಲೋಳೆ ಬಿಡುತ್ತದೆ. ಓಣಿಯ ಹೆಂಗಸರು ತಲೆ ತೊಳೆಯಲು ಒಯ್ಯುತ್ತಿದ್ದರು. ಬಾಣಂತನದ ನಂತರ ಕೂದಲು ಉದುರುತ್ತಿದ್ದ ಪಕ್ಕದ ಮನೆಯ ಫರ್ಹೀನ ತಪ್ಪದೆ ಬರುತ್ತಿದ್ದಳು.

ಕರುಣಾ ತೀರಿಕೊಂಡ ಮೇಲೆಯೂ ಅವರು ಬಂದರು. ನಮಗೆ ಮಕ್ಕಳಿಲ್ಲ. ಎಲೆ ಕೇಳಲು ಬಂದವರು ಎರಡು ಮಾತಾಡಿ, ಊಟವಾಯಿತೇ ಎಂದು ವಿಚಾರಿಸಿ ಹೋಗುತ್ತಿದ್ದರು. ಅದಕ್ಕಾಗಿಯೇ ನಾನು ಬಿತ್ತುವುದನ್ನು ಕಲಿತೆ. ಇಂಥ ಬೆಳೆಯ ಇಳುವರಿಯನ್ನು ತಮ್ಮ ಇಲಾಖೆ ಯಾವ ಅಳತೆಯಲ್ಲಿ ಅಳೆಯುತ್ತದೆ?

ಕಳೆನಾಶಕದ ಡಬ್ಬಿ ಬೆನ್ನಿಗೆ ಹೊತ್ತವರು ಬಂದ ದಿನ, ಕಾಯಿ ಬಲಿಯುವವರೆಗೆ ತಡೆಯಿರಿ ಎಂದು ನಾನು ಅಡ್ಡ ನಿಂತೆ. ಅವರ ಮೇಸ್ತ್ರಿ ಒರಟನಲ್ಲ.

"ಮ್ಯಾಲಿಂದ ಹುಕುಂ ಅದರಿ ಕಾಕಾ. ನಾವೇನ್ ಮಾಡಾಣ?" ಎಂದು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಮರುದಿನವೇ ಎಲೆಗಳು ಮುದುಡಿದವು. ಆಮೇಲೆ ಯಾರೂ ಬರಲಿಲ್ಲ. ಅವರನ್ನು ದೂರುವುದಿಲ್ಲ, ಎಲೆಯಿಲ್ಲದ ಮನೆಗೆ ಏನೆಂದು ಬರಬೇಕು? ತಮ್ಮ ಕಚೇರಿಗೆ ಹೋದೆ. ಕಾಡೆಳ್ಳು ಎಂಬ ಬೆಳೆಯೇ ಇಲ್ಲ, ಇಲ್ಲದ್ದಕ್ಕೆ ದೂರು ಹೇಗೆ ಎಂದು ಕೇಳಿದರು. ಇಲ್ಲದ್ದನ್ನು ಸಾಯಿಸಲು ಔಷಧಿ ಮಾತ್ರ ಇತ್ತು!

ಮನೆಯಲ್ಲಿದ್ದ ಬೀಜವೆಲ್ಲ ಬಿತ್ತಿಯಾಗಿತ್ತು; ಹೊಸ ಬೀಜ ಹುಡುಕಿ ಬಸ್ಸು ಹತ್ತಿ ಠಾಣಾ ಕುಶನೂರಿಗೆ ಹೋದೆ. ನಾದಿನಿ ಸುಮನ ನನ್ನ ಜೊತೆ ಬದುಗಳನ್ನೆಲ್ಲ ಸುತ್ತಿದಳು. ಎಲ್ಲೆಡೆ ಸೋಯಾ, ಬದುವಿನ ತನಕ ಇದೇ ಔಷಧಿ. ಒಂದು ಗಿಡವೂ ಸಿಗಲಿಲ್ಲ. ಮರಳಿ ಬಂದು ಇದನ್ನು ಗೋಡೆಯಾಚೆ ಕಂಡ ಫರ್ಹೀನಳಿಗೆ ಹೇಳಿದಾಗ, ಭಾಲ್ಕಿ ಹತ್ತಿರದ ತನ್ನ ತಂದೆಯ ಹೊಲಕ್ಕೆ ಕಳಿಸಿದಳು. ಆಕೆಯ ತಂದೆ ಜಹೀರೋದ್ದೀನ ಬದುವಿನ ಮೇಲೆ ಉಳಿದಿದ್ದ ಗಿಡಗಳಿಂದ ಒಂದು ಹಿಡಿ ಬೀಜ ಉದುರಿಸಿ ಕೊಟ್ಟರು.

"ಒಯ್ರಿ ಭಾಯ್‌ಸಾಬ್. ಆದ್ರ ಭಾಭಿ ಇಲ್ದೇ ಒಬ್ರೇ ಹ್ಯಾಂಗ ಬೆಳಸ್ತೀರಿ?"

ನಾನು ಬೀಜವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡೆ. ಅವರು ಬಸ್ಸಿನ ತನಕ ಜೊತೆಗೆ ಬಂದರು.

ಮೃಗಶಿರಾ ಮಳೆಗೆ ಆ ಬೀಜ ಚೆಲ್ಲಿದ್ದೇನೆ. ಕೆಲವು ಮೊಳೆತಿವೆ, ಕೆಲವು ಇನ್ನೂ ಮಲಗಿವೆ. ಗಿಡದ ಮರುಜೀವವನ್ನಾಗಲಿ ಪರಿಹಾರವನ್ನಾಗಲಿ ನಾನು ಕೇಳುತ್ತಿಲ್ಲ. ಆ ಗೋಡೆಯ ಉದ್ದಕ್ಕೆ ಔಷಧಿ ಹೊಡೆಯಕೂಡದೆಂದು ಲಿಖಿತ ಆದೇಶ ಹೊರಡಿಸಿ. ಅದರ ಪ್ರತಿ ಅಂಚೆಯಲ್ಲಿ ಬೇಡ. ಯಾರಾದರೂ ಕೈಯಲ್ಲಿ ಹಿಡಿದು ಬರಲಿ. ಬಂದವರು ಚಹಾ ಕುಡಿಯುವಷ್ಟು ಹೊತ್ತು ಕೂರಲಿ.

ಇಂತಿ,
ತಮ್ಮ ಕಚೇರಿಯಲ್ಲಿ ಇಲ್ಲದ ಬೆಳೆಯ ದೂರುದಾರ,
ಕೈಲಾಶ, ನೌಬಾದ