ಪಕ್ಕದ ಸೀಟಿಗೆ ಪೆಟ್ಟಿಗೆ ಬ್ಯಾಡ

ಮಾವ,

ಹರಿಹರದ ಬಸ್ಸಿಗೆ ಹೊತ್ತಾತು, ಡ್ಯೂಟಿಗೆ ಹೊಂಟೀನಿ. ರೊಟ್ಟಿ ಡಬ್ಬಿಯಾಗೆ ಅದಾವೆ. ಬದನೆಕಾಯಿ ಪಲ್ಯ ಬಿಸಿ ಮಾಡ್ಕಳ್ರಿ. ನಿನ್ನೆ ಹಂಗೆ ನಿಂತ್ಕಂಡೇ ತಿನ್ನಬ್ಯಾಡ್ರಿ.

ನಿನ್ನೆ ಸಂಜೆ ನೀವಿಲ್ಲದಾಗ ಆವರಗೆರೆ ಶೆಡ್ಡಿಗೆ ಹೋಗಿದ್ದೆ. ನೀವು ಕಟ್ಟೋ ವಿಮಾನದಾಗೆ ಸಾಮಾನು ಇಡಾಕೆ ಜಾಗ ಇಲ್ಲ ಅಂತಿದ್ರಲ್ಲ, ಸ್ಪ್ಯಾನರು, ಹಗ್ಗ, ನೀರಿನ ಬಾಟ್ಲಿಗೆ ಅಂತ ಕ್ಯಾನ್ವಾಸಿನ ಚೀಲ ಹೊಲಿದು ನಿಮ್ಮ ಸೀಟಿನ ಬೆನ್ನಿಗೆ ಕಟ್ಟೀನಿ. ಬಾಲದ ಕಡೆ ಏನೂ ತುರುಕಬ್ಯಾಡ್ರಿ. ಹಿಂದೆ ಭಾರ ಆದ್ರೆ ಮೂಗು ಎತ್ತತೈತೆ ಅಂತ ನೀವೇ ಹೇಳಿದ್ದು.

ಪಕ್ಕದ ಸೀಟು ಕಿತ್ತು ಸಾಮಾನಿಗೆ ಅಂತ ತಗಡಿನ ಪೆಟ್ಟಿಗೆ ಕೂರಿಸಿದ್ದು ನೋಡಿದೆ. ಅದು ನಿಮ್ಮ ಮಗ ಕೂರಬೇಕಿದ್ದ ಸೀಟು. ಅವರು ತೀರಿಕೊಂಡ ಮೇಲೆ ನಾವಿಬ್ರೂ ಒಂದೇ ಮನೆಯಾಗೆ ಇದ್ದೂ ಮಾತು ಕಮ್ಮಿ ಮಾಡೀವಿ. ನೀವು ಶೆಡ್ಡಿನಾಗೆ, ನಾನು ಅಡುಗೆಮನೆಯಾಗೆ. "ಇನ್ಯಾರು ಕೂರ್ತಾರಪ್ಪ ಅಲ್ಲಿ?" ಅಂತ ವೆಲ್ಡಿಂಗ್ ಅಮ್ಜದ್‌ಗೆ ಅಂದ್ರಂತೆ. ನನ್ನ ಒಂದು ಮಾತು ಕೇಳಬೋದಿತ್ತು.

ಪೆಟ್ಟಿಗೆ ಬಿಚ್ಚಿ ಕೆಳಗಿಟ್ಟೀನಿ. ಸೀಟು ವಾಪಸ್ ಕೂರಿಸ್ರಿ. ನನ್ನ ತೂಕ ಐವತ್ತಾರು ಕೆಜಿ, ಲೆಕ್ಕಕ್ಕೆ ಹಿಡೀರಿ.

ವನಜಾಕ್ಷಿ