ಅಂತ್ಯಕ್ರಿಯೆಯಲ್ಲಿ ಬದಲಾದ ಲಕೋಟೆ

ಕುಮಾಸಿ, ಶನಿವಾರ ಸಂಜೆ

ಕುಟುಂಬದ ಹಿರಿಯರಾದ ನಾನಾ ಓಪೊಂಗ್ ಅವರ ಸನ್ನಿಧಿಗೆ,

ಇಂದು ತಮ್ಮ ಅಕ್ಕನವರ ಅಂತ್ಯಕ್ರಿಯೆಯಲ್ಲಿ ನನ್ನಿಂದಾದ ಪ್ರಮಾದಕ್ಕೆ ಕ್ಷಮೆ ಕೋರುತ್ತೇನೆ.

ಮನೆ, ನಿವೇಶನಗಳಲ್ಲಿ ಹಣ ಹೂಡಬಯಸುವವರು ಮೊದಲು ಪರಿಚಯಗಳನ್ನು ಸಂಪಾದಿಸಬೇಕೆಂದು ನಮ್ಮ ಪ್ರಾಧ್ಯಾಪಕರು ಕಲಿಸಿದ್ದರು. ಆ ವಿಷಯದಲ್ಲಿ ತರಗತಿಗೇ ನಾನು ಮೊದಲಿಗಳು. ಜಮೀನುಳ್ಳವರೆಲ್ಲ ಒಂದೆಡೆ ಸೇರುವುದು ಶನಿವಾರದ ಅಂತ್ಯಕ್ರಿಯೆಯಲ್ಲೇ ಎಂಬುದನ್ನು ಮಾತ್ರ ನಾನಾಗಿಯೇ ಕಂಡುಕೊಂಡೆ. ಆದ್ದರಿಂದ ನನ್ನ ಕೈಚೀಲದಲ್ಲಿ ಎರಡು ಲಕೋಟೆಗಳಿದ್ದವು. ಒಂದರಲ್ಲಿ ಅಂತ್ಯಕ್ರಿಯೆಯ ಖರ್ಚಿಗೆಂದು ಸಲ್ಲಿಸುವ ಕಾಣಿಕೆಯ ಹಣ, ಇನ್ನೊಂದರಲ್ಲಿ ನನ್ನ ವಿಸಿಟಿಂಗ್ ಕಾರ್ಡುಗಳು. ಕಾಣಿಕೆಯ ಮೇಜಿನಲ್ಲಿ ನಾನು ಕೊಟ್ಟದ್ದು ಎರಡನೆಯದನ್ನು.

ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಎಲ್ಲರಿಗೂ ಓದಿ ಹೇಳಲು ಮೈಕ್ ಹಿಡಿದಿದ್ದವರು ಅದನ್ನು ಬಿಚ್ಚಿ, "ಕೇಳ್ರಪ್ಪೋ ಕೇಳಿ! ಸೆರ್ವಾ ಅನ್ನೋ ಹುಡುಗಿ ತೀರಿಹೋದ ಅಜ್ಜಿಗೆ ತನ್ನ ಫೋನ್ ನಂಬರ್ ಕೊಟ್ಟವ್ಳೆ! ಸ್ವರ್ಗದಲ್ಲಿ ಸೈಟ್ ಬೇಕಂದ್ರೆ ಫೋನ್ ಮಾಡ್ಬೇಕಂತೆ!" ಎಂದು ಸಾರಿ, ನಂಬರನ್ನೂ ಓದಿದರು. ಎಲ್ಲರೂ ನಕ್ಕರು, ತಾವೊಬ್ಬರು ನಗಲಿಲ್ಲ. ತಾವು ಮುನಿದರೆ ಈ ಊರಿನ ಯಾವ ಹಿರಿಯರೂ ನನಗೆ ಗೇಣು ನೆಲವನ್ನೂ ತೋರಿಸಲಾರರೆಂದು ಅಮ್ಮ ಹೇಳುತ್ತಿದ್ದಾರೆ.

ಸಲ್ಲಬೇಕಾಗಿದ್ದ ಕಾಣಿಕೆಯನ್ನು ಇದರೊಂದಿಗೆ ಇರಿಸಿದ್ದೇನೆ. ಲಕೋಟೆಯನ್ನು ಎರಡು ಬಾರಿ ತೆರೆದು ನೋಡಿದ್ದೇನೆ. ನಾಳೆ ಚರ್ಚಿನ ಕೃತಜ್ಞತಾ ಪ್ರಾರ್ಥನೆಯ ಬಳಿಕ ಇದನ್ನು ಅದೇ ಮೈಕಿನಲ್ಲಿ, ಅವರಿಂದಲೇ ಪ್ರಕಟಿಸಬೇಕೆಂದು ವಿನಂತಿ. ಜೊತೆಗೆ ನಂಬರನ್ನೂ ಇನ್ನೊಮ್ಮೆ ನಿಧಾನವಾಗಿ ಓದಿಸಿದರೆ ಉಪಕಾರವಾಗುತ್ತದೆ. ಕೊನೆಯ ಎರಡು ಅಂಕಿಗಳು ಜನರ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ತಮ್ಮ ವಿಧೇಯಳು,
ಸೆರ್ವಾ ಬೋಟೆಂಗ್