ಭೈರಪ್ಪನ ಟ್ಯಾಂಕಿನ ಮುಚ್ಚಳ

ಇಲಿಯಾಸ್,

ಗಾಜನೂರಿನಲ್ಲಿ ಮೀನು ಹಿಡಿಯುವ ಭೈರಪ್ಪನ ದೋಣಿ ಮೋಟಾರು ಮೊನ್ನೆ ಮತ್ತೆ ಸವಳಂಗ ರಸ್ತೆಯ ನಮ್ಮ ಅಂಗಡಿಗೆ ಬಂತು. ಇಷ್ಟು ದಿನ ಹಾಗೇ ತಳ್ಳಿದನಂತೆ, ಆರು ವರ್ಷದ ಹಿಂದಿನದೇ ದೂರು: ಹಿನ್ನೀರಿನಲ್ಲಿ ಐದು ನಿಮಿಷ ಓಡಿ ಅರ್ಧ ವೇಗಕ್ಕೆ ಇಳಿಯುತ್ತದೆ. ಪ್ಲಗ್, ಕಾರ್ಬುರೇಟರ್ ಎಲ್ಲ ಬಿಚ್ಚಿ ನೋಡಿದೆ, ತಪ್ಪಿಲ್ಲ. ನೀರಿನ ಡ್ರಮ್ಮಿಗೆ ಇಳಿಸಿ ಅಂಗಡಿಯ ಟ್ಯಾಂಕಿನಿಂದ ಪೆಟ್ರೋಲ್ ಕೊಟ್ಟರೆ ಅಂದಿನಂತೆಯೇ ಗರ್ಜಿಸಿತು.

ಈ ಸಲ ನಾನೇ ಹೋಗಿ ದೋಣಿಯಲ್ಲಿ ಕುಳಿತೆ. ನಡುನೀರಿನಲ್ಲಿ ವೇಗ ಕುಸಿಯಿತು. ದೋಣಿಯ ಟ್ಯಾಂಕ್ ನೋಡಿದರೆ ಮುಚ್ಚಳದ ಮೇಲೆ ಸೈಕಲ್ ಟ್ಯೂಬು ಬಿಗಿದಿದೆ.

"ಇದ್ಯಾಕೆ ಕಟ್ಟಿದೀಯ?"

"ಮಳೆನೀರು ಇಳೀಬಾರ್ದು ಅಂತ ಅಣ್ಣ. ಮೊದ್ಲಿಂದ್ಲೂ ಹಂಗೇ ಇದೆ," ಎಂದ ಭೈರಪ್ಪ.

ಗಾಳಿ ಹೋಗುವ ತೂತೇ ಮುಚ್ಚಿದರೆ ಪೆಟ್ರೋಲ್ ಹೇಗೆ ಹರಿದೀತು? ಟ್ಯೂಬು ಬಿಚ್ಚಿದೆ. ಮುಚ್ಚಳ ಉಸ್ಸೆಂದಿತು, ದೋಣಿ ಮೂತಿ ಎತ್ತಿಕೊಂಡು ಓಡಿತು. ಶಿವಮೊಗ್ಗದಲ್ಲಿ ಇದನ್ನು ಹಿಡಿಯಬಲ್ಲವನು ನಾನೊಬ್ಬನೇ. ನೀನು ಇದ್ದಿದ್ದರೆ ಇಬ್ಬರು.

ಆರು ವರ್ಷದ ಹಿಂದೆ ಇದೇ ಮೋಟಾರನ್ನು ನೀನು ರಿಪೇರಿ ಮಾಡಿದಾಗ, ನಾನು ಭೈರಪ್ಪನ ಎದುರಿಗೇ ನಿನ್ನ ಕೈಗೆಲಸ ಸರಿಯಿಲ್ಲ ಎಂದೆ. ನೀನು ಕೈ ಒರೆಸಿಕೊಂಡು, "ಮಾರಾಯ, ಒಂದ್ಸಲ ನೀರಿಗೆ ಹೋಗಿ ನೋಡೋಣ ಬಾ" ಎಂದೆ. ನನಗೆ ಪುರಸೊತ್ತಿರಲಿಲ್ಲ. ನೀನು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿ ಬಿಟ್ಟು ಹೊರಟೆ.

ಈಗ ಭದ್ರಾವತಿಯ ಜನ್ನಾಪುರದಲ್ಲಿ ಅಂಗಡಿ ಇಟ್ಟಿದ್ದೀಯಂತೆ. ಈ ಕಾಗದ ಅಂಚೆಗೆ ಹೋಗದೆ ನಮ್ಮ ಹಳೆಯ ಟೂಲ್ ಪೆಟ್ಟಿಗೆಯಲ್ಲೇ ಇರುತ್ತದೆ. ಗಾಜನೂರು ಇಲ್ಲಿಂದ ಅರ್ಧ ಗಂಟೆಯ ದಾರಿ, ತಲುಪಲು ನನಗೆ ಆರು ವರ್ಷ ಹಿಡಿಯಿತು. ಜನ್ನಾಪುರ ಇನ್ನೂ ಸ್ವಲ್ಪ ದೂರ.

ರುದ್ರೇಶ